ರಾಚವ್ವನ ಬಲಗೈ

2007ರ ಜೂನ್ ತಿಂಗಳಲ್ಲಿ ನಾನು ಸವದತ್ತಿಯ ಕಾಲೇಜಿಗೆ ವರ್ಗವಾಗಿ ಬಂದೆ. ಹೆಂಡತಿ, ಮಕ್ಕಳು ಬೆಳಗಾವಿಯಲ್ಲೇ ಉಳಿದಿದ್ದರಿಂದ ಮಧ್ಯಾಹ್ನದ ಊಟ ಬಸ್ ನಿಲ್ದಾಣದ ಹತ್ತಿರದ ರಾಚವ್ವನ ಖಾನಾವಳಿಯಲ್ಲಿ. ನಾಲ್ಕೇ ಮೇಜಿನ ಜಾಗ ಅದು. ಬೇರೆ ಖಾನಾವಳಿಗಳಲ್ಲಿ ಒಲೆ ಒಳಗೆಲ್ಲೋ ಹೊಗೆಯ ನಡುವೆ ಇರುತ್ತದೆ. ಇಲ್ಲಿ ಮಾತ್ರ ಬಾಗಿಲಲ್ಲೇ, ರಸ್ತೆಗೆ ಮುಖ ಮಾಡಿ ಇತ್ತು. ಒಲೆಯ ಮುಂದೆ ಕುಳಿತು ರಾಚವ್ವ ರೊಟ್ಟಿ ಬಡಿಯುತ್ತಿದ್ದಳು. ಆಗ ಅವಳಿಗೆ ನಲವತ್ತೆರಡೋ ನಲವತ್ಮೂರೋ ವಯಸ್ಸು. ಪಕ್ಕದಲ್ಲಿ ಒಂದು ಅಲಾರಂ ಗಡಿಯಾರ ಇಟ್ಟುಕೊಂಡಿರುತ್ತಿದ್ದಳು. ಅದು ಬಡಿದುಕೊಂಡ ಕೂಡಲೇ ಕೈಯಲ್ಲಿದ್ದ ರೊಟ್ಟಿ ಅರ್ಧಕ್ಕಿದ್ದರೂ ಬಿಟ್ಟು ಏಳುತ್ತಿದ್ದಳು. ಪಕ್ಕದ ಹೆಂಗಸು ಆ ಜಾಗಕ್ಕೆ ಸರಿಯುತ್ತಿದ್ದಳು. ರಾಚವ್ವ ಒಳಗೆ ಹೋಗಿ ಬೆಚ್ಚಗಿನ ನೀರಿನಲ್ಲಿ ಬಲಗೈ ಅದ್ದಿ ಕೂರುತ್ತಿದ್ದಳು.

ಯಾವುದೋ ಹರಕೆ ಇರಬೇಕು ಎಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ಹರಕಿ ಅಲ್ಲರಿ ಸರ, ಸೇಡು," ಎಂದಳು. ನಗಲಿಲ್ಲ.

ಆಮೇಲೆ ಎರಡು ಮೂರು ತಿಂಗಳಲ್ಲಿ, ಊಟದ ಗದ್ದಲ ಇಳಿದ ಮೇಲೆ, ತುಂಡುತುಂಡಾಗಿ ಹೇಳಿದಳು. ಉಳಿದದ್ದನ್ನು ನಾನೇ ಕಣ್ಣಾರೆ ಕಂಡೆ.

ರಾಚವ್ವ ರಾಮದುರ್ಗ ತಾಲೂಕಿನ ಸುರೇಬಾನದ ಮಗಳು. ಸವದತ್ತಿಯ ನಿಜಗುಣಪ್ಪನನ್ನು ಮದುವೆಯಾಗಿ ಬಂದಾಗ ಹತ್ತೊಂಬತ್ತು ವರ್ಷ. ಮಕ್ಕಳಾಗಲಿಲ್ಲ. 1991ರಲ್ಲಿ ಗಂಡ ಹೆಂಡತಿ ಸೇರಿ ಮನೆತನದ ಹಳೆಯ ಅಂಗಡಿಯಲ್ಲಿ ಖಾನಾವಳಿ ಹಾಕಿದರು. ನಿಜಗುಣಪ್ಪ ಪಲ್ಯ, ಸಾರು ನೋಡಿಕೊಂಡರೆ ರೊಟ್ಟಿ ಪೂರ್ತಿ ರಾಚವ್ವನದು. ಅವಳ ರೊಟ್ಟಿ ಹಂಚಿನ ಮೇಲೆ ಬಿದ್ದರೆ ಪೂರಿಯಂತೆ ಉಬ್ಬುತ್ತಿತ್ತು. ಎಲ್ಲಮ್ಮನ ಗುಡ್ಡಕ್ಕೆ ಬಂದ ಮಂದಿ ಬುತ್ತಿ ಬಿಚ್ಚದೆ ಇಲ್ಲಿಗೆ ಬಂದು ಕೂರುವಷ್ಟು ಹೆಸರಾಯಿತು. ಐದಾರು ವರ್ಷದ ಮೇಲೆ ಮೈದುನ ಸುಭಾಸ ಗಲ್ಲಾಪೆಟ್ಟಿಗೆಯ ಮೇಲೆ ಬಂದು ಕುಳಿತ. ರೊಟ್ಟಿಗೆ ಗಂಗಾ ಎಂಬ ಇನ್ನೊಬ್ಬ ಹೆಂಗಸೂ ಸೇರಿದಳು.

2002ರ ಕೊನೆಗೆ ನಿಜಗುಣಪ್ಪ ಎದೆನೋವೆಂದು ಕುಳಿತವನು ಏಳಲಿಲ್ಲ. ಎರಡು ತಿಂಗಳು ಮನೆಯಲ್ಲಿದ್ದು ರಾಚವ್ವ ಒಂದು ಮುಂಜಾನೆ ಎಂದಿನಂತೆ ಖಾನಾವಳಿಗೆ ಹೋದಳು. ಸುಭಾಸ ಬಾಗಿಲಲ್ಲೇ ನಿಂತಿದ್ದ.

"ವೈನಿ, ಇನ್ನ ನೀವು ಮನ್ಯಾಗ ಕುಂಡ್ರಿ. ಗಂಡನ್ನ ಕಳಕೊಂಡಾಕಿ ನಾಕ ಮಂದಿ ಗಂಡಸರ ಮುಂದ ರೊಟ್ಟಿ ಬಡಕೋತ ಕುಂತ್ರ ಮಂದಿ ಏನಂತಾರ?"

"ಹನ್ನೆರಡ ವರ್ಷ ಬಡದೇನಿ. ಮಂದಿ ಉಂಡ ಹೋಗ್ಯಾರ, ಏನೂ ಅಂದಿಲ್ಲ. ಸರಿ ಅತ್ತಾಗ."

"ಗಲ್ಲಾದ ಮ್ಯಾಲ ಕಣ್ಣ ಇಟ್ಟೀರಿ ನೀವು."

"ಗಲ್ಲಾ ನೀನ ಇಟಗೋ, ಸುಭಾಸ. ಒಲಿ ನಂದು."

ಅವನು ಒಳಗೆ ಹೋಗಿ ಶಟರ್ ಎಳೆದ. ರಾಚವ್ವ ಬಾಗಿ, ಅದು ನೆಲ ಮುಟ್ಟದಂತೆ ಬಲಗೈ ಅಡ್ಡ ಕೊಟ್ಟಳು. ಕಬ್ಬಿಣದ ಅಂಚು ಮಣಿಕಟ್ಟಿನ ಮೇಲೆ ಬಂದು ಕೂತಿತು. ಅವಳು ಚೀರಿದಳು. ಕೈಯಷ್ಟೇ ದಪ್ಪದ ಸಂದಿಯಲ್ಲಿ ಮೈದುನನ ಪಾದ ಕಾಣುತ್ತಿತ್ತು. ಪಾದ ಮೇಲೆ ಎದ್ದಿತು. ಶಟರಿನ ತಳಪಟ್ಟಿಯ ಮೇಲೆ ಇಳಿಯಿತು. ಒತ್ತಿತು.

"ಅದನ್ನ ನಾ ಕಣ್ಣಾರೆ ನೋಡೇನ್ರಿ. ಜಾರಿ ಬಿದ್ದದ್ದಲ್ಲ. ತುಳದ," ಎಂದಳು ರಾಚವ್ವ ನನಗೆ.

ಶಟರ್ ಜಾರಿತು ಎಂದ ಸುಭಾಸ. ಒಳಗೆ ಹಿಟ್ಟು ನಾದುತ್ತಿದ್ದ ಗಂಗಾಳನ್ನು ಪೊಲೀಸರು ಕೇಳಿದರು. "ನಾ ನೋಡಲಿಲ್ಲರಿ," ಎಂದಳು. ಅಲ್ಲಿಗೆ ಅದು ಆಕಸ್ಮಿಕವೆಂದು ಮುಗಿಯಿತು.

ಧಾರವಾಡದಲ್ಲಿ ಪ್ಲಾಸ್ಟರ್ ಹಾಕಿದರು. ಆರು ವಾರಕ್ಕೆ ಬಿಚ್ಚಿದಾಗ ಎಲುಬು ಕೂಡಿತ್ತು. ಆದರೆ ಕೈ ಅವಳದಾಗಿ ಉಳಿದಿರಲಿಲ್ಲ. ಕೆಂಪಗೆ ಬಾತು, ಚರ್ಮ ಎಣ್ಣೆ ಹಚ್ಚಿದಂತೆ ಮಿಂಚುತ್ತಿತ್ತು. ಬೆರಳು ಮಡಚಲು ಬರುತ್ತಿರಲಿಲ್ಲ. ಕೆಂಡದಲ್ಲಿಟ್ಟಂಥ ಉರಿ, ಹಗಲು ರಾತ್ರಿ. ಸೆರಗು ತಾಗಿದರೆ ಚೀರಬೇಕು. ಫ್ಯಾನಿನ ಗಾಳಿಯೂ ತಡೆಯುತ್ತಿರಲಿಲ್ಲ. ಕಿತ್ತೂರಿನ ಕಡೆ ಒಬ್ಬ ನಾಟಿ ವೈದ್ಯ ಎಣ್ಣೆ ಹಚ್ಚಿ ತಿಕ್ಕಿದ. ತಿಕ್ಕಿದ ಮೇಲೆ ಮೊಣಕೈವರೆಗೂ ಉರಿ ಏರಿತು. ದೊಡ್ಡ ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, "ಎಲುಬು ಚಲೋ ಕೂಡೇದ, ನಿಮಗೇನೂ ಆಗಿಲ್ಲ," ಎಂದು ಕಳಿಸಿದರು.

ಆ ಮಾತನ್ನೇ ಸುಭಾಸ ಊರೆಲ್ಲ ಹಂಚಿದ. "ಡಾಕ್ಟರ ಹೇಳ್ಯಾರ, ಏನೂ ಆಗಿಲ್ಲಂತ. ವೈನಿ ನಾಟಕ ಮಾಡಾಕ ಹತ್ಯಾರ." ಹಾದಿಯಲ್ಲಿ ಸಿಕ್ಕವರು ಅವಳ ಮುಖ ಬಿಟ್ಟು ಕೈ ನೋಡುತ್ತಿದ್ದರು. ಕೈ ಮುರಿದದ್ದಕ್ಕಿಂತ ಈ ಮಾತು ಅವಳೊಳಗೆ ಆಳಕ್ಕೆ ಇಳಿಯಿತು. ಮಲಗಿದಾಗ ಅವಳಿಗೆ ಒಂದೇ ಯೋಚನೆ. ಕಾದ ಹಂಚಿನ ಮೇಲೆ ಸುಭಾಸನ ಅಂಗೈ ಒತ್ತಿ ಹಿಡಿಯುವುದು. ಎಷ್ಟು ಹೊತ್ತು ಹಿಡಿಯಬೇಕು, ಅವನು ಹೇಗೆ ಕೂಗಬೇಕು, ಎಲ್ಲ ಲೆಕ್ಕ ಹಾಕುತ್ತಿದ್ದಳು. ಆ ಯೋಚನೆ ಇಲ್ಲದಿದ್ದರೆ ಆ ವರ್ಷ ನವಿಲುತೀರ್ಥ ಅಣೆಕಟ್ಟಿನ ನೀರಿಗೆ ಹೋಗಿ ಬೀಳುತ್ತಿದ್ದೆ ಎಂದಳು.

ಬೈಲಹೊಂಗಲದಲ್ಲಿ ಅವಳ ಅಕ್ಕ ಶಟ್ಟೆವ್ವ ಇದ್ದಳು. ಬಂದು ಕರೆದುಕೊಂಡು ಹೋದಳು. ಅಲ್ಲಿ 2004ರಲ್ಲಿ ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಶೀತಲ ಎಂಬ ಹುಡುಗಿ ಫಿಜಿಯೋಥೆರಪಿ ತೆರೆದಿದ್ದಳು. ಊರವರು ಅದನ್ನು ಕರೆಂಟ್ ಕೊಡುವ ದವಾಖಾನೆ ಎನ್ನುತ್ತಿದ್ದರು. ಶಟ್ಟೆವ್ವ ತನ್ನ ಸೊಂಟಕ್ಕೆ ಅಲ್ಲಿ ಹೋಗಿ ಬಂದಿದ್ದಳು.

ರಾಚವ್ವ ಕುಳಿತ ಕೂಡಲೇ ಹೇಳಿದಳು, "ಮುಟ್ಟಬ್ಯಾಡ್ರಿ."

"ಮುಟ್ಟೂದಿಲ್ಲರಿ," ಎಂದು ಶೀತಲ ಎರಡೂ ಕೈ ಹಿಂದೆ ಕಟ್ಟಿಕೊಂಡಳು. ಬಾಗಿ ನೋಡಿದಳು. ಉಗುರು ಈ ಕೈಯದೇ ಬೇಗ ಬೆಳೀತಾವೇನು, ಬೆವರು ಇಲ್ಲೇ ಹೆಚ್ಚೇನು, ಒಮ್ಮೆ ಬಿಸಿ ಒಮ್ಮೆ ತಂಪು ಆಗ್ತದೇನು ಎಂದು ಕೇಳಿದಳು. ಎಲ್ಲಕ್ಕೂ ಹೌದು.

"ಎಲುಬು ಕೂಡೇದ, ಖರೆ. ನೋವೂ ಖರೇನ ಅದ. ಪೆಟ್ಟು ಹೋಗೇದ, ಆದ್ರ ಪೆಟ್ಟಾಗೇದ ಅಂತ ನರಗೋಳು ಇನ್ನೂ ಒದರಾಕ ಹತ್ತ್ಯಾವ. ಇದು ನಾಟಕ ಅಲ್ಲರಿ, ಅಕ್ಕಾರ. ಇದಕ್ಕ ಹೆಸರಿರೋ ಬ್ಯಾನಿ ಅದ."

ಒಂದು ವರ್ಷದ ಮೇಲೆ ಯಾರೋ ನಂಬಿದರು. ರಾಚವ್ವ ಅಲ್ಲೇ ಅತ್ತಳು. ಅತ್ತು ಮುಗಿಸಿ ಕೇಳಿದ್ದು ಒಂದೇ, "ಈ ಕೈಲೆ ಮತ್ತ ರೊಟ್ಟಿ ಬಡೀಬಹುದೇನ್ರಿ?"

"ಬಡೀಬಹುದು. ಆದ್ರ ಪೂರಾ ಹೋಗ್ತದ ಅಂತ ಹೇಳೂದಿಲ್ಲ. ಭಾಳ ದಿನ ಬೇಕು. ನೀವು ಮಾಡಬೇಕು, ನಾ ಅಲ್ಲ."

ಮೊದಲು ಅರಳೆ. ದಿನಕ್ಕೆ ಐದು ಸಲ, ಎಡಗೈಯಿಂದ ಬಲಗೈಯ ಮೇಲೆ ಅರಳೆ ಸವರಬೇಕು. ಆ ಅರಳೆಯೇ ಮುಳ್ಳಿನಂತೆ ಇತ್ತು. ಮೂರು ವಾರ ಕಳೆದ ಮೇಲೆ ರೇಷ್ಮೆ ಬಟ್ಟೆ, ಆಮೇಲೆ ಒರಟು ಟವೆಲ್. ಒಂದು ಬೋಗುಣಿಯಲ್ಲಿ ಬೆಚ್ಚಗಿನ ನೀರು, ಇನ್ನೊಂದರಲ್ಲಿ ಕೊಡದ ತಣ್ಣೀರು, ಅದರಲ್ಲಿಷ್ಟು ಇದರಲ್ಲಿಷ್ಟು ಹೊತ್ತು ಕೈ. ಕೈ ಸ್ಪರ್ಶ ತಡೆಯುವಂತಾದ ಮೇಲೆ ಕರಗಿಸಿದ ಮೇಣದಲ್ಲಿ ಅದ್ದಿ, ಬೆಚ್ಚಗಿರುವಾಗಲೇ ಬೆರಳು ಮಡಚುವುದು. ಪರಾತದಲ್ಲಿ ಜೋಳದ ಹಿಟ್ಟು ಹರವಿ ಅದರಲ್ಲಿ ಬೆರಳಾಡಿಸುವುದು, ಹಿಟ್ಟಾದ ಮೇಲೆ ಜೋಳ, ಜೋಳವಾದ ಮೇಲೆ ಉಸುಕು. ಹಿಟ್ಟು ಹಾಕಿದ್ದು ರಾಚವ್ವನ ಸ್ವಂತ ವಿಚಾರ. ಶೀತಲ ಬೇಡವೆನ್ನಲಿಲ್ಲ.

ಪ್ರತಿ ಸಲವೂ ಅವಳು ಬಾಯೊಳಗೆ ಸುಭಾಸನ ಹೆಸರು ಹೇಳಿಕೊಳ್ಳುತ್ತಿದ್ದಳು. ಐದು ಸಲ ಎಂದಿದ್ದರೆ ಹತ್ತು ಸಲ ಮಾಡುತ್ತಿದ್ದಳು. ಮರುದಿನ ಕೈ ಬಾತು ಕೂರುತ್ತಿತ್ತು. ಶೀತಲ ಬೈಯುತ್ತಿದ್ದಳು. "ಐದಂದ್ರ ಐದ. ಇವತ್ತು ಚಲೋ ಅನಸ್ತದಂತ ಹತ್ತು ಮಾಡಿದ್ರ ನಾಳೆ ಸೊನ್ನಿ."

ಆ ವರ್ಷದ ದೀಪಾವಳಿಯ ಹೊತ್ತಿಗೆ ಬೆರಳು ಅರ್ಧ ಮಡಚುತ್ತಿದ್ದವು. ಒಂದು ಮಧ್ಯಾಹ್ನ ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಸುಭಾಸ ಎದುರಾದ. ಯಾರೋ ಬೀಗರ ಜೊತೆಗಿದ್ದ. "ವೈನಿ, ಕೈ ಆರಾಮ ಆತೇನು? ಮದಲಿಂದ್ಲೂ ಆರಾಮ ಇತ್ತು ಬಿಡ್ರಿ," ಎಂದು ನಕ್ಕ. ಬೀಗರೂ ನಕ್ಕರು.

ಮನೆ ಮುಟ್ಟುವಷ್ಟರಲ್ಲಿ ಕೈ ನೇರಳೆ ಬಣ್ಣಕ್ಕೆ ತಿರುಗಿತ್ತು. ಮತ್ತೆ ಸೆರಗು ತಾಗಿದರೆ ಚೀರಾಟ. ಮೂರು ವಾರ ಅರಳೆಗೆ ವಾಪಸು ಹೋಗಬೇಕಾಯಿತು.

"ನೋಡ್ರಿ ಅಕ್ಕಾರ," ಎಂದಳು ಶೀತಲ. "ಅಂವ ಎರಡನೇ ಸಲ ನಿಮ್ಮ ಕೈ ಮುರದ ಹೋದ. ಈ ಸಲ ಶಟರೂ ಬೇಕಾಗಲಿಲ್ಲ. ಸಿಟ್ಟು ಬಂದಾಗ ನಿಮ್ಮ ನರ ಮತ್ತ ಒದರತಾವ. ಅವನ್ನ ಮನಸಿನಿಂದ ತಗದ ಬಿಡ್ರಿ."

"ತಗದ್ರ ಏನ ಉಳೀತದ? ಅದಕ್ಕಂತನ ನಾ ಇಲ್ಲಿಗೆ ಬರಾಕ ಹತ್ತೇನಿ."

ಶೀತಲ ಅರಳೆಯ ಉಂಡೆ ಕೆಳಗಿಟ್ಟಳು. "ಹಂಗಾರ ದಿನಾ ಎಷ್ಟು ಸಿಟ್ಟು ಮಾಡಬೇಕು ಅನ್ನೂದೂ ನಾನ ಹೇಳತೇನಿ. ಅದಕ್ಕೂ ಲೆಕ್ಕ ಇರಲಿ."

ರಾಚವ್ವನಿಗೆ ಆ ಮಾತು ಹಿಡಿಸಿತು. ಅಡುಗೆಯವಳಿಗೆ ಅದು ಬೇಗ ತಿಳಿಯಿತು. ದೊಡ್ಡ ಉರಿಯಲ್ಲಿ ಬೇಳೆ ಸೀಯುತ್ತದೆ, ಬೇಯುವುದಿಲ್ಲ. ಅಂದಿನಿಂದ ಅವಳು ಕೈಯ ವ್ಯಾಯಾಮಕ್ಕೆ ಅಲಾರಂ ಗಡಿಯಾರ ಇಟ್ಟಂತೆ ದ್ವೇಷಕ್ಕೂ ಇಟ್ಟಳು. ವ್ಯಾಯಾಮ ಮಾಡುವಾಗ ಸುಭಾಸನ ಹೆಸರು ಹೇಳುವುದನ್ನು ಬಿಟ್ಟಳು. ಸಂಜೆ ಒಮ್ಮೆ, ಅಕ್ಕನ ಮನೆಯ ಕಟ್ಟೆಯ ಮೇಲೆ ಕುಳಿತು, ಮುಂದೆ ಏನು ಮಾಡಬೇಕೆಂದು ತಣ್ಣಗೆ ಯೋಚಿಸುತ್ತಿದ್ದಳು. ಕಾದ ಹಂಚಿನ ಯೋಚನೆ ಹೋಯಿತು. ಅದು ಒಂದು ಗಳಿಗೆಯ ಕೂಗು ಅಷ್ಟೇ ಎನಿಸಿತಂತೆ. ಬಹಳ ದಿನ ಸುಡುವಂಥದ್ದು ಬೇಕಿತ್ತು.

ಮರುವರ್ಷ ಶೀತಲ ಬೆಳಗಾವಿಯ ಯಾವುದೋ ಸಭೆಗೆ ಹೋಗಿ ಬಂದವಳು ಒಂದು ಕನ್ನಡಿ ತಂದಳು. ಮೇಜಿನ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ, ಬಲಗೈಯನ್ನು ಹಿಂದೆ ಮರೆಯಲ್ಲಿ ಇಡಿಸಿದಳು. ಎಡಗೈ ಕನ್ನಡಿಯ ಮುಂದೆ. ಕನ್ನಡಿಯಲ್ಲಿ ನೋಡಿದರೆ ಎಡಗೈಯ ಬಿಂಬವೇ ಬಲಗೈಯಂತೆ ಕಾಣುತ್ತಿತ್ತು. ಬಾವಿಲ್ಲ, ಕೆಂಪಿಲ್ಲ, ಐದೂ ಬೆರಳು ಮೊದಲಿನಂತೆ.

"ಅದನ್ನ ನೋಡಕೋತ ಎಡಗೈ ಮುಚ್ಚಿ ತಗೀರಿ. ಬಲಗೈಗೆ ಏನೂ ಮಾಡಬ್ಯಾಡ್ರಿ. ಮಿದುಳಿಗೆ ಕೈ ಸುದ್ದ ಅದ ಅಂತ ತೋರಸೂದು."

ಮೊದಲ ದಿನ ರಾಚವ್ವನಿಗೆ ತಲೆ ತಿರುಗಿ ವಾಂತಿ ಬಂದಂತಾಯಿತು. ಎರಡನೇ ವಾರ ಕುತೂಹಲ. ಒಂದು ದಿನ ಅವಳೇ ಡಬ್ಬಿಯಲ್ಲಿ ನಾದಿದ ಹಿಟ್ಟು ತಂದಳು. ಮೇಜಿನ ಮೇಲೆ ಮುದ್ದೆ ಇಟ್ಟು, ಕನ್ನಡಿ ನೋಡುತ್ತ, ಎಡಗೈಯಿಂದ ಬಡಿಯತೊಡಗಿದಳು. ಕನ್ನಡಿಯೊಳಗೆ ಅವಳ ಬಲಗೈ ರೊಟ್ಟಿ ಬಡಿಯುತ್ತಿತ್ತು. ಮುದ್ದೆ ಅಗಲವಾಯಿತು. ಸೊಟ್ಟ ರೊಟ್ಟಿ. ಆದರೂ ರೊಟ್ಟಿ.

ಮರೆಯಲ್ಲಿದ್ದ ನಿಜವಾದ ಬಲಗೈಯ ಬೆರಳುಗಳು ತಮ್ಮಷ್ಟಕ್ಕೆ ಅಲುಗುತ್ತಿದ್ದವು. ಶೀತಲ ಅದನ್ನು ಕಂಡಳು. ರಾಚವ್ವ ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದಳು, "ಬಂದೆ ತಡಿ, ಸುಭಾಸ."

ಕನ್ನಡಿಯಾದ ಮೇಲೆ ಭಾರ. ನೆಲ ತಿಕ್ಕುವುದು, ಚೀಲದಲ್ಲಿ ಒಂದು ಸೇರು ಜೋಳ ಹಾಕಿ ಎತ್ತಿಕೊಂಡು ನಡೆಯುವುದು, ವಾರಕ್ಕೊಂದಿಷ್ಟು ಹೆಚ್ಚು. ನಿಜವಾದ ರೊಟ್ಟಿ ಎರಡರಿಂದ ಶುರುವಾಯಿತು. ನೋವಿರಲಿ ಇಲ್ಲದಿರಲಿ ಎರಡು. ತಿಂಗಳ ಮೇಲೆ ನಾಲ್ಕು. ಈಗ ಅವಳು ಹತ್ತು ಮಾಡುವ ಆಸೆಗೆ ಬೀಳುತ್ತಿರಲಿಲ್ಲ. 2006ರ ಬೇಸಿಗೆಗೆ ದಿನಕ್ಕೆ ನಲವತ್ತು ರೊಟ್ಟಿಗೆ ಬಂದು ನಿಂತಳು, ನಡುವೆ ಅಲಾರಂ ಬಡಿದಾಗೆಲ್ಲ ವಿಶ್ರಾಂತಿ ಕೊಟ್ಟು. ಅದಕ್ಕಿಂತ ಹೆಚ್ಚು ಆ ಕೈ ಕೊಡಲಿಲ್ಲ.

ಆ ಶ್ರಾವಣದಲ್ಲಿ ಅವಳು ಶಟ್ಟೆವ್ವನನ್ನೂ ಕರೆದುಕೊಂಡು ಸವದತ್ತಿಗೆ ವಾಪಸಾದಳು. ಸುಭಾಸನ ಖಾನಾವಳಿಯ ಸರಿಯಾಗಿ ಎದುರಿಗೆ, ರಸ್ತೆಯ ಆಚೆ ಬದಿ, ಖಾಲಿಯಿದ್ದ ಸೈಕಲ್ ಅಂಗಡಿಯನ್ನು ಬಾಡಿಗೆಗೆ ಹಿಡಿದಳು. ಒಲೆಯನ್ನು ಬಾಗಿಲಲ್ಲೇ ಹಾಕಿಸಿದಳು.

"ಗಲ್ಲಾದ ಮ್ಯಾಲ ಕುಂತು ತಲಿ ಎತ್ತಿದ್ರ ಅವನಿಗೆ ನನ್ನ ಕೈ ಕಾಣಬೇಕಿತ್ರಿ," ಎಂದಳು.

ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಆದರೂ ಸುಭಾಸನ ಜಾಗ ದೊಡ್ಡದು, ಮಂದಿ ಹೆಚ್ಚು. ಆಗ ಒಂದು ದಿನ ಗಂಗಾ ಹಿಂಬಾಗಿಲಿಗೆ ಬಂದು ನಿಂತಳು. ಸೆರಗಿನ ತುದಿ ಬಾಯಲ್ಲಿ ಒತ್ತಿಕೊಂಡಿದ್ದಳು.

"ತಪ್ಪಾತು ಅಕ್ಕಾ. ನಾ ನೋಡಿದ್ದೆ. ಹೊಟ್ಟಿಪಾಡಿಗೆ ಅಂಜಿದೆ."

"ತಪ್ಪಾತು ಅನ್ನಬ್ಯಾಡ. ಅದರಿಂದ ನನ್ನ ಕೈಗೆ ಏನೂ ಆಗೂದಿಲ್ಲ. ನನ್ನ ಕಡೆ ಬರತೀಯೇನು?"

"ನಾಳೇನ ಬರತೇನಿ."

"ನಾಳೆ ಬ್ಯಾಡ. ನಾ ಹೇಳಿದ ದಿನ ಬಾ."

ಐದು ತಿಂಗಳು ಕಾಯಿಸಿದಳು. ಭರತ ಹುಣ್ಣಿಮೆಗೆ ಗುಡ್ಡಕ್ಕೆ ಲಕ್ಷ ಮಂದಿ ಬರುತ್ತಾರೆ, ಖಾನಾವಳಿಯವರಿಗೆ ವರ್ಷದ ದೊಡ್ಡ ವ್ಯಾಪಾರ ಆಗ. ಹುಣ್ಣಿಮೆಯ ಮುಂಜಾನೆ ಗಂಗಾ ಮತ್ತು ಅಷ್ಟರಲ್ಲಿ ಸುಭಾಸ ರೊಟ್ಟಿ ಕೆಲಸಕ್ಕೆ ಸೇರಿಸಿಕೊಂಡಿದ್ದ ಇನ್ನೊಬ್ಬ ಹೆಂಗಸು, ಇಬ್ಬರೂ ಅವನ ಕಣ್ಣೆದುರಿಗೇ ರಸ್ತೆ ದಾಟಿ ರಾಚವ್ವನ ಒಲೆಯ ಮುಂದೆ ಕುಳಿತರು. ಅವನ ಪಲ್ಯ ಬೆಂದಿತ್ತು, ಸಾರು ಕುದಿದಿತ್ತು, ರೊಟ್ಟಿ ಮಾತ್ರ ಇಲ್ಲ. ಎಲ್ಲಿಂದಲೋ ಮುಗ್ಗಿದ ಕಡಕ್ ರೊಟ್ಟಿ ತರಿಸಿದ. ಗಿರಾಕಿಗಳು ತಟ್ಟೆ ತಳ್ಳಿ ಎದ್ದರು.

ಮಧ್ಯಾಹ್ನ ಅವನೇ ರಸ್ತೆ ದಾಟಿ ಬಂದ. "ವೈನಿ, ಇದು ಬರೋಬ್ಬರಿ ಅಲ್ಲ."

ರಾಚವ್ವ ತಲೆ ಎತ್ತಲಿಲ್ಲ. ಬಲಗೈಯಿಂದ ರೊಟ್ಟಿ ತಿರುಗಿಸಿ ಹಂಚಿಗೆ ಹಾಕಿದಳು. "ಊಟಕ್ಕ ಬಂದೀಯೇನು? ಪಾಳಿ ಐತಿ. ನಿಂದ್ರು."

ನಾನು ವರ್ಗವಾಗಿ ಬಂದಾಗ ಸುಭಾಸನ ಖಾನಾವಳಿ ಹೆಸರಿಗೆ ನಡೆಯುತ್ತಿತ್ತು. ಮರುವರ್ಷ ಪೂರ್ತಿ ಮುಚ್ಚಿತು. ಆ ಜಾಗದಲ್ಲಿ ಮೊಬೈಲ್ ಅಂಗಡಿ ಬಂತು. ಅವನು ಯಾರದೋ ಕಾಳಿನ ಅಂಗಡಿಯಲ್ಲಿ ಕುಳಿತ.

2008ರ ಡಿಸೆಂಬರ್‌ನಲ್ಲಿ ನಾನು ಊಟ ಮಾಡುತ್ತಿದ್ದಾಗ ಅವನು ಒಳಗೆ ಬಂದ. ಕೈಯಲ್ಲಿ ಅಕ್ಷತೆಯ ಅಕ್ಕಿಕಾಳು, ಲಗ್ನಪತ್ರಿಕೆ. ಮಗಳಿಗೆ ರಾಮದುರ್ಗದ ಕಡೆ ಗಂಡು ಗೊತ್ತಾಗಿತ್ತು. ಮನೆಯ ಹಿರಿಯ ಸೊಸೆ ಮದುವೆಗೆ ಬರದಿದ್ದರೆ ಏನೋ ಇದೆ ಎಂದು ಬೀಗರು ಅನುಮಾನಪಡುತ್ತಾರಂತೆ. ಅವನು ಮೆಲ್ಲಗೆ ಹೇಳುತ್ತಿದ್ದ. ರಾಚವ್ವ ಎದ್ದು ನಿಂತಳು.

"ಜೋರಾಗಿ ಮಾತಾಡು. ಆ ದಿನ ಏನಾತು, ಇಲ್ಲಿ ಉಣ್ಣಾಕ ಹತ್ತಿದವರಿಗೆಲ್ಲ ಹೇಳು."

"ಆಗಿಹೋದದ್ದು ಯಾಕ, ವೈನಿ..."

"ನನಗ ಆಗಿಹೋಗಿಲ್ಲ. ದಿನಾ ಆಗತೈತಿ. ಶಟರ್ ಜಾರಿತೇನು?"

ನಾವು ಎಂಟು ಹತ್ತು ಮಂದಿ ಕೈ ತಡೆದು ಕುಳಿತೆವು. ಗಂಗಾ ಒಲೆಯ ಮುಂದಿನಿಂದ ಅವನನ್ನೇ ನೋಡುತ್ತಿದ್ದಳು. ಸುಭಾಸ ಲಗ್ನಪತ್ರಿಕೆಯ ಅಂಚನ್ನು ಬೆರಳಿನಿಂದ ಮಡಚಿದ, ಬಿಚ್ಚಿದ.

"ಜಾರಲಿಲ್ಲ."

"ಕೈ ಇತ್ತಂತ ಗೊತ್ತಿತ್ತೇನು?"

"ಗೊತ್ತಿತ್ತು."

"ಕಾಲಿಟ್ಟು ತುಳದಿ?"

ಅವನು ಹೌದೆಂದು ತಲೆಯಾಡಿಸಿದ. ಅವಳು ಬಿಡಲಿಲ್ಲ. "ಬಾಯಿಲೆ ಹೇಳು."

"ತುಳದೆ."

"ನಾ ನಾಟಕ ಮಾಡಿದ್ನೇನು?"

"ಇಲ್ಲ."

ರಾಚವ್ವ ಪತ್ರಿಕೆ ತೆಗೆದುಕೊಂಡಳು. "ಹುಡುಗಿ ಏನೂ ತಪ್ಪ ಮಾಡಿಲ್ಲ. ಅಕ್ಕಿಕಾಳ ಹಾಕಾಕ ಬರತೇನಿ. ನಿನ್ನ ಮನಿಯಾಗ ನೀರೂ ಕುಡಿಯೂದಿಲ್ಲ. ನಿನ್ನ ತಪ್ಪು ಮಾಫ ಮಾಡೇನಿ ಅಂತ ನೀ ಎಲ್ಲ್ಯಾರ ಹೇಳಿದಿ ಅಂದ್ರ, ಆ ಬೀಗರ ಮನಿಗೇ ಹೋಗಿ ಇದನ್ನೆಲ್ಲಾ ಮತ್ತ ಹೇಳತೇನಿ. ಹೋಗಿನ್ನ."

ಅವನು ಹೋದ. ಹಾಗೆಯೇ ನಡೆಯಿತು. ಮದುವೆಗೆ ಹೋದಳು, ಹುಡುಗಿಯ ತಲೆಯ ಮೇಲೆ ಬಲಗೈಯಿಂದಲೇ ಅಕ್ಕಿಕಾಳು ಹಾಕಿದಳು, ಉಣ್ಣದೆ ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದಳು. ಸುಭಾಸ ಬಾಗಿಲವರೆಗೆ ಬಂದು ಎಲೆ ಅಡಿಕೆ ಚಾಚಿದನಂತೆ. ನಾಲ್ಕು ಜನರ ಎದುರು ಅವನ ಕೈ ಹಾಗೇ ಚಾಚಿಕೊಂಡಿರುವಂತೆ ಬಿಟ್ಟು ಬಂದಳು.

ಮರುದಿನ ನಾನು ಊಟಕ್ಕೆ ಹೋದಾಗ ಕೇಳಿದೆ, ಈಗಲಾದರೂ ಮನಸ್ಸು ಹಗುರಾಯಿತೇ, ಕೈ ನೋವಾದರೂ ಇಳಿಯಿತೇ ಎಂದು.

"ಕೈ ಥಂಡ್ಯಾಗ ಮದಲಿನಂಗ ನೋಯಿತೈತ್ರಿ. ಮುಂದಿನ ವಾರ ಶೀತಲ ಮೇಡಂ ಕಡೆ ಹೋಗಬೇಕು," ಎಂದಳು. ನನ್ನ ತಟ್ಟೆಗೆ ಬಿಸಿ ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟಳು. "ಹಗುರಂತೂ ಏನೂ ಆಗಿಲ್ಲರಿ ಸರ. ಆದ್ರ ಅಂವ 'ತುಳದೆ' ಅಂದನಲ್ಲ, ಭಾಳ ರುಚಿ ಇತ್ತು."